ಐದು ಮಕ್ಕಳ ತಾಯಿ: ಸಂತ ಎಲಿಜಬೆತ್ ಆನ್ ಸೀಟನ್

ಕ್ರಿಸ್ತಜಯಂತಿಯ ಗೋದಲಿಯನ್ನು ಮನೆಗಳಿಂದ ಇನ್ನೂ ತೆಗೆದಿರದ ದಿನಗಳಲ್ಲಿ, ಜನವರಿ 4ರಂದು, ಸಂತರ ನಾಮಾವಳಿಯಲ್ಲಿ ಒಬ್ಬ ವಿಧವೆಯ ಸ್ಮರಣೆ ಬರುತ್ತದೆ. ಆಕೆ ಎಲಿಜಬೆತ್ ಆನ್ ಸೀಟನ್. ಅಮೆರಿಕ ಸಂಯುಕ್ತ ಸಂಸ್ಥಾನದ ನೆಲದಲ್ಲಿ ಹುಟ್ಟಿ ಸಂತ ಪದವಿಗೇರಿದವರಲ್ಲಿ ಮೊದಲಿಗರು. ಶಾಲೆಗಳ ಸ್ಥಾಪಕಿಯೆಂದೂ ಧರ್ಮಭಗಿನಿಯರ ಸಭೆಯೊಂದರ ಮಾತೆಯೆಂದೂ ಲೋಕವು ಆಕೆಯನ್ನು ಬಲ್ಲುದು. ಆದರೆ ಈ ಬಿರುದುಗಳಿಗೆಲ್ಲ ಮೊದಲು ಆಕೆ ಐದು ಮಕ್ಕಳ ತಾಯಿ. ಪತಿಯನ್ನು ಪರದೇಶದ ಮಣ್ಣಿಗೆ ಒಪ್ಪಿಸಿ, ಆ ಐವರ ಅನ್ನ, ಬಟ್ಟೆ, ವಿದ್ಯೆ, ವಿಶ್ವಾಸಗಳ ಹೊಣೆಯನ್ನು ಒಬ್ಬಳೇ ಹೊತ್ತ ಹೆಣ್ಣು.

ಪಾವಿತ್ರ್ಯವೆಂಬುದು ಒಲೆ, ತೊಟ್ಟಿಲು, ಸಾಲಗಳ ಗೊಡವೆಯಿಲ್ಲದವರಿಗೆ ಮಾತ್ರ ಸಾಧ್ಯವೆಂಬ ಭಾವನೆ ನಮ್ಮ ಕುಟುಂಬಗಳಲ್ಲಿ ಬೇರೂರಿದೆ. ಬೆಳಗಿನ ಬಲಿಪೂಜೆಗೆ ಬರಲಾಗಲಿಲ್ಲವೆಂದು, ಜಪಸರದ ನಡುವೆ ಮಗು ಅತ್ತಿತೆಂದು ಕೊರಗುವ ತಾಯಂದಿರನ್ನು ನಾವು ಎಷ್ಟೋ ಧರ್ಮಕೇಂದ್ರಗಳಲ್ಲಿ ಕಂಡಿದ್ದೇವೆ. ಮಕ್ಕಳು ದೇವರ ದಾರಿಗೆ ಅಡ್ಡವೇ, ಅಥವಾ ಅವರೇ ಆ ದಾರಿಯೇ? ಈ ಪ್ರಶ್ನೆಗೆ ಸೀಟನ್ ಮಾತೆಯ ಬಾಳು ಕೊಡುವ ಉತ್ತರವನ್ನು ಈ ವಾರ ಅರಿಯೋಣ.

ವಿಧವೆಯರ ಖಜಾಂಚಿ

ಎಲಿಜಬೆತ್ ಹುಟ್ಟಿದ್ದು 1774ರ ಆಗಸ್ಟ್ 28ರಂದು, ನ್ಯೂಯಾರ್ಕ್ ನಗರದಲ್ಲಿ. ತಂದೆ ರಿಚರ್ಡ್ ಬೇಯ್ಲಿ ಹೆಸರಾಂತ ವೈದ್ಯರು. ಕುಟುಂಬವು ಆಂಗ್ಲಿಕನ್ ಸಂಪ್ರದಾಯದ ಎಪಿಸ್ಕೋಪಲ್ ಸಭೆಗೆ ಸೇರಿದುದು. ಮಗುವಿಗೆ ಮೂರು ವರ್ಷ ತುಂಬುವ ಮೊದಲೇ ಹೆತ್ತ ತಾಯಿ ತೀರಿಕೊಂಡಳು. ಮಲತಾಯಿಯ ಮನೆಯಲ್ಲಿ ಆಕೆಗೆ ದೊರೆತ ಪ್ರೀತಿ ಅಲ್ಪ. ಬಹುಕಾಲ ಚಿಕ್ಕಪ್ಪನ ಮನೆಯಲ್ಲಿ ಬೆಳೆಯಬೇಕಾಯಿತು. ತಾಯಿಯಿಲ್ಲದ ಮಗುವಿನ ಹಸಿವು ಎಂತಹುದೆಂದು ಆಕೆ ತನ್ನ ಬಾಲ್ಯದಲ್ಲಿಯೇ ಅರಿತಳು.

1794ರ ಜನವರಿ 25ರಂದು, 19ನೆಯ ವಯಸ್ಸಿನಲ್ಲಿ, ಹಡಗು ವ್ಯಾಪಾರದ ಸಿರಿವಂತ ಮನೆತನದ ವಿಲಿಯಂ ಮೆಗೀ ಸೀಟನ್ ಅವರೊಂದಿಗೆ ಆಕೆಯ ವಿವಾಹವಾಯಿತು. ಅದು ಅನ್ಯೋನ್ಯ ದಾಂಪತ್ಯ. 1795ರಿಂದ 1802ರೊಳಗೆ ಆನಾ ಮರಿಯ, ವಿಲಿಯಂ, ರಿಚರ್ಡ್, ಕ್ಯಾಥರಿನ್, ರೆಬೆಕ್ಕ ಎಂಬ ಐವರು ಮಕ್ಕಳು ಮನೆ ತುಂಬಿದರು. 1798ರಲ್ಲಿ ಮಾವನು ತೀರಿಕೊಂಡಾಗ ಪತಿಯ ಕಿರಿಯ ಒಡಹುಟ್ಟಿದವರ ಪಾಲನೆಯೂ ಈ ಎಳೆಯ ಗೃಹಿಣಿಯ ಪಾಲಿಗೆ ಬಂದಿತು.

ಆ ದಿನಗಳಲ್ಲಿ, ಅಂದರೆ 1797ರಲ್ಲಿ, ಇಸಬೆಲ್ಲಾ ಗ್ರಹಾಂ ಎಂಬ ಮಹಿಳೆಯ ಮುಂದಾಳುತನದಲ್ಲಿ ಚಿಕ್ಕ ಮಕ್ಕಳುಳ್ಳ ಬಡ ವಿಧವೆಯರ ನೆರವಿಗಾಗಿ ನ್ಯೂಯಾರ್ಕಿನಲ್ಲಿ ಒಂದು ಸಂಘವು ಹುಟ್ಟಿತು. ಎಲಿಜಬೆತ್ ಅದರ ಖಜಾಂಚಿಯಾದಳು. ಮನೆಮನೆಗೆ ಹೋಗಿ ಸಂಕಟವನ್ನು ಕಣ್ಣಾರೆ ಕಂಡು ನೆರವು ಹಂಚುವುದು ಸಂಘದ ಕ್ರಮವಾಗಿತ್ತು. ಗಂಡನಿಲ್ಲದ ಮನೆಯಲ್ಲಿ ಚಳಿಗಾಲದ ಸೌದೆಗೆ ಎಷ್ಟು ಬೇಕು, ಮಗುವಿನ ಪಾದರಕ್ಷೆಗೆ ಎಷ್ಟು ಸಾಲದು ಎಂಬ ಲೆಕ್ಕವು ಆಕೆಗೆ ತಿಳಿದಿತ್ತು. ಕೆಲವೇ ವರ್ಷಗಳಲ್ಲಿ ಆ ಲೆಕ್ಕವು ತನ್ನ ಮನೆಯದೇ ಆಗುವುದೆಂದು ಆಕೆ ಎಣಿಸಿರಲಿಲ್ಲ.

ತಂದೆಯು ನ್ಯೂಯಾರ್ಕ್ ಬಂದರಿನ ಆರೋಗ್ಯಾಧಿಕಾರಿಯಾಗಿದ್ದುದರಿಂದ 1801ರ ಬೇಸಿಗೆಯನ್ನು ಆಕೆ ಸ್ಟೇಟನ್ ದ್ವೀಪದ ತಡೆಮನೆಯ ಬಳಿ ಅವರೊಡನೆ ಕಳೆದಳು. ಐರ್ಲೆಂಡಿನಿಂದ ಬಂದ ಹಡಗುಗಳಲ್ಲಿ ಹಸಿದ, ಜ್ವರಪೀಡಿತ ಕುಟುಂಬಗಳು ಬಂದಿಳಿಯುತ್ತಿದ್ದವು. ಬತ್ತಿದ ಎದೆಯ ತಾಯಂದಿರ ಮಡಿಲಲ್ಲಿ ಸಾಯುತ್ತಿದ್ದ ಹಸುಳೆಗಳಿಗೆ ತನ್ನ ಎದೆಹಾಲನ್ನು ಕೊಡಲು ಆಕೆ ಹಂಬಲಿಸಿದಳು, ತಂದೆ ಒಪ್ಪಲಿಲ್ಲ. ಆ ವಲಸಿಗರ ಶುಶ್ರೂಷೆಯಲ್ಲಿ ಜ್ವರ ತಗಲಿ, ಅದೇ ಆಗಸ್ಟ್ ತಿಂಗಳಲ್ಲಿ ತಂದೆಯೂ ಗತಿಸಿದರು. ಆ ವೇಳೆಗೆ ಪತಿಯ ವ್ಯಾಪಾರವು ದಿವಾಳಿಯಾಗಿತ್ತು. ಆತನ ದೇಹವನ್ನು ಕ್ಷಯರೋಗವು ತಿನ್ನುತ್ತಿತ್ತು.

ಲಿವೋರ್ನೊ ನಗರದ ಸೆರೆ

ಸಮುದ್ರದ ಗಾಳಿಯಿಂದ ರೋಗ ಇಳಿಯಬಹುದೆಂಬ ಆಸೆಯಿಂದ 1803ರ ಅಕ್ಟೋಬರ್ 2ರಂದು ದಂಪತಿಗಳು ಇಟಲಿಯ ಲಿವೋರ್ನೊ ಬಂದರಿಗೆ ಹಡಗು ಹತ್ತಿದರು. ಅಲ್ಲಿ ಫಿಲಿಕ್ಕಿ ಎಂಬ ವರ್ತಕ ಕುಟುಂಬದ ಸ್ನೇಹವಿತ್ತು. 8 ವರ್ಷದ ಆನಾ ಮರಿಯಳನ್ನು ಮಾತ್ರ ಜತೆಗೆ ಕರೆದೊಯ್ದು ಉಳಿದ ನಾಲ್ವರನ್ನು ಬಂಧುಗಳ ವಶದಲ್ಲಿ ಬಿಟ್ಟರು. ಕಡೆಯ ಕೂಸು ರೆಬೆಕ್ಕಳಿಗೆ ಆಗ ಒಂದು ವರ್ಷ ದಾಟಿತ್ತಷ್ಟೆ.

ನ್ಯೂಯಾರ್ಕಿನಲ್ಲಿ ಪೀತಜ್ವರ ಹರಡಿದ್ದುದರಿಂದ ಅಲ್ಲಿಂದ ಬಂದವರನ್ನು ಲಿವೋರ್ನೊದ ಅಧಿಕಾರಿಗಳು ನೇರವಾಗಿ ಊರೊಳಗೆ ಬಿಡಲಿಲ್ಲ. ಸಮುದ್ರದಂಚಿನ ಕಲ್ಲುಕಟ್ಟಡವೊಂದರಲ್ಲಿ ಒಂದು ತಿಂಗಳ ತಡೆವಾಸ. ನೆಲದಲ್ಲಿ ತೇವ, ಗೋಡೆಯ ಸಂದಿನಿಂದ ಗಾಳಿ, ಮೂಲೆಯಲ್ಲಿ ರಕ್ತ ಕೆಮ್ಮುವ ಪತಿ. ಎಲಿಜಬೆತ್ ಆತನಿಗೆ ಶುಶ್ರೂಷೆ ಮಾಡಿದಳು, ಬೈಬಲನ್ನು ಓದಿ ಹೇಳಿದಳು, ಮೂವರೂ ಸೇರಿ ಪ್ರಾರ್ಥಿಸುವಂತೆ ನೋಡಿಕೊಂಡಳು. ಚಳಿ ಮೈ ಕೊರೆಯುವಾಗ ಮಗಳೊಡನೆ ಹಗ್ಗದಾಟ ಆಡಿ ಬಿಸಿ ಮಾಡಿಕೊಳ್ಳುತ್ತಿದ್ದಳು. ಸಾವು ಕೋಣೆಯಲ್ಲಿ ಕುಳಿತಿದ್ದಾಗಲೂ ಮಗುವಿಗೆ ಮಗುವಿನ ಬಾಲ್ಯವನ್ನು ಉಳಿಸಿಕೊಡುವ ಈ ವಿವೇಕವನ್ನು ನಾವು ಸಣ್ಣದೆಂದು ತಿಳಿಯಬಾರದು.

ಬಿಡುಗಡೆಯಾದ ಎಂಟು ದಿನಗಳಲ್ಲಿ, 1803ರ ಡಿಸೆಂಬರ್ 27ರಂದು, ಪೀಸಾ ನಗರದಲ್ಲಿ ವಿಲಿಯಂ ಕಣ್ಣುಮುಚ್ಚಿದರು. ಎಲಿಜಬೆತ್‌ಗೆ ಆಗ 29 ವರ್ಷ.

ಫಿಲಿಕ್ಕಿ ಕುಟುಂಬವು ತಾಯಿಮಗಳನ್ನು ಸ್ವಂತದವರಂತೆ ನೋಡಿಕೊಂಡಿತು. ಅವರು ವಾದ ಮಾಡುವುದಕ್ಕೆ ಮೊದಲು ಅನ್ನವಿಟ್ಟರು, ಹಾಸಿಗೆ ಹಾಸಿದರು, ಕಣ್ಣೀರನ್ನು ಗೌರವಿಸಿದರು. ಆ ಮನೆಯ ಭಕ್ತಿ, ದಿನದಿನದ ಬಲಿಪೂಜೆ, ಪರಮ ಪ್ರಸಾದದಲ್ಲಿ ಕ್ರಿಸ್ತರು ನಿಜವಾಗಿಯೂ ಇದ್ದಾರೆಂಬ ನಿಸ್ಸಂಶಯ ವಿಶ್ವಾಸ ಆಕೆಯ ಮನಸ್ಸನ್ನು ಸೆಳೆದವು. ತಾಯಿಯನ್ನು ಬಾಲ್ಯದಲ್ಲಿಯೇ ಕಳೆದುಕೊಂಡಿದ್ದ ಆಕೆಗೆ ಮಾತೆ ಮರಿಯಳಲ್ಲಿ ಒಬ್ಬ ತಾಯಿ ದೊರೆತಳು. ನ್ಯೂಯಾರ್ಕಿಗೆ ಹಿಂದಿರುಗಿದ ಮೇಲೂ ಇಂತಹ ದೇವಾಲಯಕ್ಕೆ ಹೋಗಬಹುದೇ ಎಂದು ಪುಟ್ಟ ಆನಾ ಮರಿಯಳೂ ಕೇಳತೊಡಗಿದ್ದಳು. ಹೊರಡುವ ವೇಳೆಗೆ ಮಗಳಿಗೂ ಬಳಿಕ ತಾಯಿಗೂ ಜ್ವರ ಬಂದು ಪ್ರಯಾಣ ತಡವಾಯಿತು. 1804ರ ಜೂನ್ ತಿಂಗಳಲ್ಲಿ ಆಕೆ ನ್ಯೂಯಾರ್ಕ್ ತಲುಪಿ, ಉಳಿದ ನಾಲ್ವರು ಮಕ್ಕಳನ್ನು ಮತ್ತೆ ಎದೆಗಪ್ಪಿಕೊಂಡಳು.

ಬಾಗಿಲುಗಳು ಮುಚ್ಚಿದಾಗ

ಮುಂದಿನ ಕೆಲವು ತಿಂಗಳು ಆಕೆಯ ಅಂತರಂಗದಲ್ಲಿ ಘೋರ ಹೋರಾಟ. ತಾನು ಗೌರವಿಸುತ್ತಿದ್ದ ಎಪಿಸ್ಕೋಪಲ್ ಗುರುಗಳು ಒಂದು ಕಡೆ, ಇಟಲಿಯಲ್ಲಿ ಕಂಡ ಬೆಳಕು ಇನ್ನೊಂದು ಕಡೆ. ತನ್ನ ನಿರ್ಣಯವು ಐದು ಮಕ್ಕಳ ಆತ್ಮಗಳನ್ನೂ ಸೇರಿಸಿ ತೂಗಬೇಕಾದುದೆಂಬುದೇ ಆಕೆಯ ಭಯ. ಕಡೆಗೆ 1805ರ ಮಾರ್ಚ್ 14ರಂದು, ನ್ಯೂಯಾರ್ಕ್ ನಗರದಲ್ಲಿ ಆಗ ಇದ್ದ ಒಂದೇ ಕಥೋಲಿಕ ದೇವಾಲಯವಾದ ಸಂತ ಪೇತ್ರರ ದೇವಾಲಯದಲ್ಲಿ ಆಕೆಯು ಧರ್ಮಸಭೆಯನ್ನು ಸೇರಿದಳು. ಅದೇ ಮಾರ್ಚ್ 25ರಂದು, ಮಂಗಳವಾರ್ತೆಯ ಹಬ್ಬದಂದು, ಪ್ರಥಮ ಪರಮ ಪ್ರಸಾದವನ್ನು ಸ್ವೀಕರಿಸಿದಳು.

ಅಂದಿನ ನ್ಯೂಯಾರ್ಕಿನಲ್ಲಿ ಕಥೋಲಿಕರೆಂದರೆ ಬಹುಪಾಲು ಬಡ ವಲಸಿಗರು. ಮೇಲ್ವರ್ಗದ ಮನೆಯ ಸೊಸೆಯೊಬ್ಬಳು ಅವರ ಸಾಲಿನಲ್ಲಿ ಮಂಡಿಯೂರುವುದನ್ನು ಬಂಧುಮಿತ್ರರಲ್ಲಿ ಅನೇಕರು ಸಹಿಸಲಿಲ್ಲ. ನೆರವು ನೀಡಬಹುದಾಗಿದ್ದ ಕೈಗಳು ಹಿಂದೆ ಸರಿದವು. ಮಕ್ಕಳ ಹೊಟ್ಟೆಗಾಗಿ ಆಕೆ ಒಂದು ಶಾಲೆಯ ಕೆಲಸಕ್ಕೆ ಸೇರಿದಳು. ಅದು ಮತಾಂತರದ ಕೇಂದ್ರವೆಂಬ ವದಂತಿ ಹುಟ್ಟಿತು. ಶಾಲೆಯು ಬಹುಕಾಲ ನಡೆಯಲಿಲ್ಲ. ಬಳಿಕ ಶಾಲಾ ಬಾಲಕರಿಗೆ ಊಟವಸತಿಯ ಮನೆಯನ್ನು ನಡೆಸಿದಳು. ತನ್ನ ಐವರ ಜತೆಗೆ ಹತ್ತು ಹನ್ನೆರಡು ತುಂಟ ಹುಡುಗರ ಅಡುಗೆ, ಬಟ್ಟೆ, ಹೊಲಿಗೆ, ಜಗಳ, ಪಾಠ. ಒಂದು ಕಾಲದಲ್ಲಿ ಆಳುಕಾಳುಗಳಿದ್ದ ಮನೆಯೊಡತಿ ಈಗ ಪರರ ಮಕ್ಕಳ ಹರಿದ ಕಾಲುಚೀಲಗಳನ್ನು ಹೊಲಿಯುತ್ತ ರಾತ್ರಿ ಕಳೆದಳು. 1806ರಲ್ಲಿ ಆಕೆಯ ಎಳೆಯ ನಾದಿನಿ ಸಿಸಿಲಿಯಳೂ ಕಥೋಲಿಕಳಾದಾಗ ಬಂಧುಗಳ ಕೋಪವು ಮಿತಿಮೀರಿತು; ಬಾಲಕರು ಒಬ್ಬೊಬ್ಬರಾಗಿ ಮನೆ ಬಿಟ್ಟರು.

ಇಂತಹ ಕಾಲದಲ್ಲಿ ಆಕೆಯನ್ನು ಹಿಡಿದು ನಿಲ್ಲಿಸಿದ್ದು ಕೇವಲ ಧೈರ್ಯವೆನ್ನಲಾಗದು. ಫಿಲಿಕ್ಕಿ ಸಹೋದರರು ವರ್ಷವರ್ಷವೂ ಹಣ ಕಳುಹಿಸಿದರು. ಗಂಡುಮಕ್ಕಳಿಬ್ಬರನ್ನು 1806ರಲ್ಲಿ ಜಾರ್ಜ್‌ಟೌನ್ ವಿದ್ಯಾಲಯಕ್ಕೆ ಸೇರಿಸಲು ನೆರವಾದರು. ಕೆಲವು ಹಳೆಯ ಸ್ನೇಹಿತರೂ ಕೈಬಿಡಲಿಲ್ಲ. ದೇವರ ಪರಿಪಾಲನೆಯು ಬಹುಮಟ್ಟಿಗೆ ಮನುಷ್ಯರ ಕೈಗಳ ಮೂಲಕವೇ ಬರುತ್ತದೆ ಎಂಬುದನ್ನು ನೆನಪಿಡೋಣ.

ವ್ರತಕ್ಕಿಂತ ಮೊದಲಿನ ಋಣ

1808ರಲ್ಲಿ ಬಾಲ್ಟಿಮೋರ್ ನಗರದ ಸುಲ್ಪಿಸಿಯನ್ ಗುರುಗಳಾದ ವಿಲಿಯಂ ಡುಬೂರ್ಗ್ ಅವರ ಆಹ್ವಾನದ ಮೇರೆಗೆ ಎಲಿಜಬೆತ್ ಅಲ್ಲಿಗೆ ತೆರಳಿ, ಪಾಕಾ ಬೀದಿಯ ಸಣ್ಣ ಮನೆಯಲ್ಲಿ ಹೆಣ್ಣುಮಕ್ಕಳ ಶಾಲೆಯನ್ನು ತೆರೆದಳು. ಗಂಡುಮಕ್ಕಳನ್ನೂ ಪಕ್ಕದ ಸಂತ ಮರಿಯ ವಿದ್ಯಾಲಯಕ್ಕೆ ಕರೆತಂದಳು. ಬಹುಕಾಲದ ಬಳಿಕ ಐವರೂ ಹತ್ತಿರ ಸೇರಿದರು. 1809ರ ಮಾರ್ಚ್ 25ರಂದು ಮಹಾಧರ್ಮಾಧ್ಯಕ್ಷ ಜಾನ್ ಕ್ಯಾರಲ್ ಅವರ ಮುಂದೆ ಆಕೆ ವ್ರತಗಳನ್ನು ಸ್ವೀಕರಿಸಿದಳು. ಅಂದಿನಿಂದ ಜನರ ಬಾಯಲ್ಲಿ ಸೀಟನ್ ಮಾತೆಯಾದಳು. ಆ ವರ್ಷದ ಬೇಸಿಗೆಯಲ್ಲಿ ಕೆಲವರು ಸಹಚಾರಿಣಿಯರೊಂದಿಗೆ ಮೇರಿಲ್ಯಾಂಡಿನ ಬೆಟ್ಟಗಳ ತಪ್ಪಲಿನ ಎಮಿಟ್ಸ್‌ಬರ್ಗ್ ಎಂಬ ಹಳ್ಳಿಗೆ ಹೋಗಿ ನೆಲಸಿದಳು. ಜುಲೈ 31ರಂದು ಸಂತ ಜೋಸೆಫರ ಪ್ರೀತಿಸೇವಾ ಭಗಿನಿಯರ ಸಭೆಯು ಅಲ್ಲಿ ಆರಂಭವಾಯಿತು.

ಅಲ್ಲಿನ ಮೊದಲ ಮನೆ ಕಲ್ಲಿನದು. ಇದ್ದ ನಾಲ್ಕು ಕೋಣೆಗಳಲ್ಲಿ ಹದಿನಾರು ಮಂದಿ. ಚಳಿಗಾಲದಲ್ಲಿ ಹಿಮವು ಸಂದಿನಿಂದ ಒಳಗೆ ಸುರಿದು ನೆಲದ ಹಾಸಿಗೆಗಳ ಮೇಲೆ ಬೀಳುತ್ತಿತ್ತು. ಕಾಫಿಯ ಬದಲು ಗಜ್ಜರಿಯಿಂದ ಕುದಿಸಿದ ಕಷಾಯ. ಬಟ್ಟೆ ಒಗೆಯಲು ಹಳ್ಳದ ನೀರು. ಆ ಮನೆಯಲ್ಲಿ ಧರ್ಮಭಗಿನಿಯರ ಮಾತೆಯೂ ಮೂವರು ಹೆಣ್ಣುಮಕ್ಕಳ ಅಮ್ಮನೂ ಒಬ್ಬಳೇ. 1810ರ ಫೆಬ್ರವರಿ 22ರಂದು ಬಡ ಹೆಣ್ಣುಮಕ್ಕಳ ಉಚಿತ ಶಾಲೆ ಆರಂಭವಾಯಿತು. 1814ರಲ್ಲಿ ಫಿಲಡೆಲ್ಫಿಯದ ಅನಾಥಾಲಯಕ್ಕೂ 1817ರಲ್ಲಿ ನ್ಯೂಯಾರ್ಕಿಗೂ ಭಗಿನಿಯರು ಸೇವೆಗೆ ಹೊರಟರು.

ಆದರೆ ಈ ಬೆಳವಣಿಗೆಯ ನಡುವೆ ಒಂದು ಕಠಿಣ ಪ್ರಶ್ನೆ ಎದ್ದಿತು. ಫ್ರಾನ್ಸಿನಲ್ಲಿ ಸಂತ ವಿನ್ಸೆಂಟ್ ಡಿ ಪಾಲ್ ಮತ್ತು ಸಂತ ಲೂಯಿಸ್ ಡಿ ಮರಿಯಾಕ್ ಸ್ಥಾಪಿಸಿದ್ದ ಭಗಿನಿಯರ ನಿಯಮಾವಳಿಯನ್ನು ಇಲ್ಲಿಯೂ ಅನುಸರಿಸಬೇಕೆಂಬ ಆಲೋಚನೆ ನಡೆಯಿತು. ಆ ಜೀವನಕ್ರಮದಲ್ಲಿ ಎಳೆಯ ಮಕ್ಕಳ ತಾಯಿಗೆ ಎಡೆಯೆಲ್ಲಿ? ಗುರುಮಠದಲ್ಲಿ ತತ್ತ್ವಶಾಸ್ತ್ರವನ್ನು ಓದುವಾಗ ಎರಡು ಕರ್ತವ್ಯಗಳು ಎದುರುಬದುರಾದರೆ ಯಾವುದು ಮೇಲೆಂದು ನಾವು ಗಂಟೆಗಟ್ಟಲೆ ಚರ್ಚಿಸಿದ್ದುಂಟು. ಸೀಟನ್ ಮಾತೆಗೆ ಅದು ತರ್ಕದ ಪ್ರಶ್ನೆಯಾಗಿರಲಿಲ್ಲ. ಊಟದ ಮೇಜಿನ ಸುತ್ತ ಕುಳಿತ ಮುಖಗಳ ಪ್ರಶ್ನೆಯಾಗಿತ್ತು. ಆಕೆಯ ನಿಲುವು ಸ್ಪಷ್ಟ. ಮಕ್ಕಳ ಋಣವು ಮೊದಲು. ಯಾವ ವ್ರತವೂ ಅದನ್ನು ಕಿತ್ತುಹಾಕಲಾರದು. ಎರಡರಲ್ಲಿ ಒಂದನ್ನು ಬಿಡಲೇಬೇಕಾದರೆ ತಾಯ್ತನವನ್ನು ಬಿಡಲಾಗದು. ಇದನ್ನು ಆಕೆ ಮಹಾಧರ್ಮಾಧ್ಯಕ್ಷರಿಗೆ ಮುಚ್ಚುಮರೆಯಿಲ್ಲದೆ ಅರಿಕೆ ಮಾಡಿದಳು.

ಧರ್ಮಸಭೆಯ ಹಿರಿಯರು ಆ ಮಾತನ್ನು ಅವಿಧೇಯತೆಯೆಂದು ಎಣಿಸಲಿಲ್ಲ. ದೇಶಕಾಲಗಳಿಗೆ ತಕ್ಕಂತೆ ಮಾರ್ಪಡಿಸಿದ ನಿಯಮಾವಳಿಗೆ 1812ರಲ್ಲಿ ಒಪ್ಪಿಗೆ ದೊರೆತಾಗ, ಸೀಟನ್ ಮಾತೆಯು ಮಕ್ಕಳ ಪೋಷಕಿಯಾಗಿ ಮುಂದುವರಿಯಲು ಅವಕಾಶವನ್ನು ಕಲ್ಪಿಸಲಾಯಿತು. ನಿಯಮವು ತಾಯಿಗಾಗಿ ಬಾಗಿತು. ದೇವರೇ ಕೊಟ್ಟ ಮೊದಲ ಕರೆಯನ್ನು ದೇವರೇ ಕೊಡುವ ಎರಡನೆಯ ಕರೆಯು ಅಳಿಸಿಹಾಕುವುದಿಲ್ಲವೆಂಬ ಸತ್ಯವನ್ನು ಅಂದಿನ ಧರ್ಮಸಭೆಯು ಒಬ್ಬ ವಿಧವೆಯಿಂದ ಕೇಳಿ ಒಪ್ಪಿತು. ಆಕೆಯ ಜೀವನದ ಸಾರವೆಲ್ಲ ಇಲ್ಲಿದೆ ಎಂದು ನಾವು ಭಾವಿಸುತ್ತೇವೆ.

ಮಕ್ಕಳು ಏನಾದರು?

ಸಂತಳ ಮಕ್ಕಳಾದುದರಿಂದ ಅವರ ಬಾಳು ಹೂವಿನ ಹಾಸಿಗೆಯಾಗಿತ್ತೆಂದು ತಿಳಿಯಬೇಡಿ. ಹಿರಿಯ ಮಗಳು ಆನಾ ಮರಿಯ ಹದಿಹರೆಯದಲ್ಲಿ ವೆಸ್ಟ್ ಇಂಡೀಸ್ ಕಡೆಯ ವಿದ್ಯಾರ್ಥಿಯೊಬ್ಬನಿಗೆ ಮನಸೋತಳು. ತಾಯಿ ಕಳವಳಪಟ್ಟಳು, ಆದರೆ ಮಗಳನ್ನು ಹಳಿದು ದೂರ ಮಾಡಲಿಲ್ಲ. ಊರಿಗೆ ಹೋದ ಆ ಯುವಕನು ಬೇರೊಬ್ಬಳನ್ನು ವರಿಸಿದಾಗ ಮುರಿದ ಮನಸ್ಸಿಗೆ ತಾಯಿಯ ಮಡಿಲು ತೆರೆದೇ ಇತ್ತು. ಕೆಲವೇ ಕಾಲದಲ್ಲಿ ತಂದೆಯ ರೋಗವೇ ಆಕೆಯನ್ನೂ ಹಿಡಿಯಿತು. ಮರಣಶಯ್ಯೆಯಲ್ಲಿ ಧರ್ಮಭಗಿನಿಯಾಗಿ ವ್ರತ ಸ್ವೀಕರಿಸಿ, 1812ರ ಮಾರ್ಚ್ 12ರಂದು, 16ನೆಯ ವಯಸ್ಸಿನಲ್ಲಿ ತೀರಿಕೊಂಡಳು. ಲಿವೋರ್ನೊದ ಸೆರೆಯಲ್ಲಿ ಹಗ್ಗದಾಟ ಆಡಿದ ಆ ಒಡನಾಡಿ ಹೋದ ಮೇಲೆ ಸೀಟನ್ ಮಾತೆಯು ತಿಂಗಳುಗಟ್ಟಲೆ ಕತ್ತಲಲ್ಲಿ ತೊಳಲಿದಳು. ಪ್ರಾರ್ಥನೆಯೂ ಒಣಗಿತು. ಸಂತರಿಗೆ ದುಃಖವಿಲ್ಲವೆಂಬುದು ಸುಳ್ಳು. ಫ್ರೆಂಚ್ ಗುರುಗಳಾದ ಸಿಮೋನ್ ಬ್ರೂಟೆ ಅವರ ಮಾರ್ಗದರ್ಶನವು ಆಕೆಗೆ ನಿಧಾನವಾಗಿ ಬೆಳಕನ್ನು ತೋರಿತು.

ಕಡೆಯ ಮಗಳು ರೆಬೆಕ್ಕ ಮಂಜುಗಡ್ಡೆಯ ಮೇಲೆ ಜಾರಿಬಿದ್ದು ಸೊಂಟಕ್ಕೆ ಪೆಟ್ಟು ಮಾಡಿಕೊಂಡು ಕುಂಟಾದಳು. ವೈದ್ಯರಿಗೆ ತೋರಿಸಿದರೂ ಗುಣವಾಗಲಿಲ್ಲ. ಮಲಗಲೂ ಆಗದ ನೋವಿನ ಆ ಕಡೆಯ ವಾರಗಳಲ್ಲಿ ತಾಯಿ ಆಕೆಯನ್ನು ಹಗಲಿರುಳು ತೋಳಲ್ಲಿ ಆನಿಸಿಕೊಂಡು ಕುಳಿತಿದ್ದಳು. 1816ರ ನವೆಂಬರ್ 3ರಂದು, 14ನೆಯ ವಯಸ್ಸಿನಲ್ಲಿ, ಆ ತೋಳುಗಳಲ್ಲಿಯೇ ಮಗು ಪ್ರಾಣ ಬಿಟ್ಟಿತು.

ಗಂಡುಮಕ್ಕಳು ಬೇರೆ ಬಗೆಯ ನೋವನ್ನು ಕೊಟ್ಟರು. ವಿಲಿಯಂನಿಗೆ ಓದಿಗಿಂತ ಸಮುದ್ರದ ಸೆಳೆತ ಹೆಚ್ಚು. 1815ರಲ್ಲಿ ಆತನನ್ನು ಲಿವೋರ್ನೊದ ಫಿಲಿಕ್ಕಿ ಅವರ ವ್ಯಾಪಾರಗೃಹಕ್ಕೆ ಕಳುಹಿಸಿದಳು. ಆತನಿಗೆ ಅದು ಒಗ್ಗಲಿಲ್ಲ. ಬಳಿಕ ಹೋದ ರಿಚರ್ಡ್ ಕೂಡ ಅಲ್ಲಿ ನಿಲ್ಲಲಿಲ್ಲ. ಇಬ್ಬರೂ ಕಡೆಗೆ ನೌಕಾದಳದ ಕಡೆಗೇ ಹೊರಳಿದರು. ಉಪಕಾರ ಮಾಡಿದವರ ಮುಂದೆ ಮಕ್ಕಳಿಂದ ತಲೆತಗ್ಗಿಸಬೇಕಾದ ತಾಯಿಯ ಸಂಕೋಚ ಎಂತಹುದೆಂಬುದನ್ನು ನಮ್ಮ ಓದುಗ ತಾಯಂದಿರಿಗೆ ವಿವರಿಸಬೇಕಾಗಿಲ್ಲ. ಪತ್ರ ಬಾರದ ತಿಂಗಳುಗಳಲ್ಲಿಯೂ ಆಕೆ ಬರೆಯುತ್ತಲೇ ಇದ್ದಳು. ತಿದ್ದುವಳು, ಬೇಡುವಳು, ಹರಸುವಳು. ಬುದ್ಧಿ ಹೇಳುವುದನ್ನು ನಿಲ್ಲಿಸಲಿಲ್ಲ, ಬಾಗಿಲು ಮುಚ್ಚಲೂ ಇಲ್ಲ. ಮಗಳು ಕ್ಯಾಥರಿನ್‌ಳಿಗಾಗಿ, ಲೋಕದಲ್ಲಿ ಹೇಗೆ ನಡೆಯಬೇಕೆಂಬ ಹಿತವಚನಗಳನ್ನು ಕೆಂಪು ಹೊದಿಕೆಯ ಪುಟ್ಟ ಪುಸ್ತಕವೊಂದರಲ್ಲಿ ತನ್ನ ಕೈಯಾರೆ ಬರೆದಿಟ್ಟಳು.

1821ರ ಜನವರಿ 4ರಂದು, 46ನೆಯ ವಯಸ್ಸಿನಲ್ಲಿ, ಎಮಿಟ್ಸ್‌ಬರ್ಗಿನಲ್ಲಿಯೇ ಸೀಟನ್ ಮಾತೆ ಕಣ್ಣುಮುಚ್ಚಿದಳು. ಐವರಲ್ಲಿ ಕ್ಯಾಥರಿನ್ ಒಬ್ಬಳೇ ಬಳಿಯಲ್ಲಿದ್ದಳು. ಎರಡು ವರ್ಷಗಳ ಬಳಿಕ, 1823ರಲ್ಲಿ, ರಿಚರ್ಡನು ಆಫ್ರಿಕದ ಪಶ್ಚಿಮ ಕರಾವಳಿಯ ಬಳಿ ಹಡಗಿನಲ್ಲಿ ಜ್ವರದಿಂದ ಮಡಿದನು. ವಿಲಿಯಂ ಸಂಸಾರಸ್ಥನಾದನು, ಆತನ ಮಗ ರಾಬರ್ಟ್ ಗುರುವಾಗಿ, 1903ರಲ್ಲಿ ಮಹಾಧರ್ಮಾಧ್ಯಕ್ಷ ಪದವಿಗೇರಿದರು. ಕ್ಯಾಥರಿನ್ 1846ರಲ್ಲಿ ನ್ಯೂಯಾರ್ಕಿನ ಕರುಣಾ ಭಗಿನಿಯರ ಸಭೆಯನ್ನು ಸೇರಿ, ಸೆರೆಮನೆಯ ಬಂದಿಗಳ ಸೇವೆಯಲ್ಲಿ ಬಾಳು ಸವೆಸಿ, 1891ರಲ್ಲಿ 90ನೆಯ ವಯಸ್ಸಿನಲ್ಲಿ ತೀರಿಕೊಂಡಳು. ತಾಯಿ ಬಿತ್ತಿದ ಬೀಜ ಮೊಳೆತುದನ್ನು ತಾಯಿ ಕಾಣಲಿಲ್ಲ. ಬಿತ್ತುವವರಿಗೆಲ್ಲ ಸುಗ್ಗಿ ಕಾಣುವ ಭಾಗ್ಯವಿಲ್ಲ. ಬಿತ್ತುವ ಭಾಗ್ಯವಂತೂ ಉಂಟು.

1963ರ ಮಾರ್ಚ್ 17ರಂದು ಜಗದ್ಗುರು 23ನೆಯ ಜಾನ್ ಅವರು ಆಕೆಯನ್ನು ಪುನೀತರ ಸಾಲಿಗೆ ಸೇರಿಸಿದರು. 1975ರ ಸೆಪ್ಟೆಂಬರ್ 14ರಂದು ಜಗದ್ಗುರು 6ನೆಯ ಪೌಲರು ಸಂತ ಪದವಿಯನ್ನು ಘೋಷಿಸಿದರು.

ನಮ್ಮ ಮನೆಗಳಿಗೆ

ಪ್ರಿಯ ಓದುಗರೇ, ಮರಣದಿಂದಲೋ, ಪತಿಯ ತ್ಯಾಜ್ಯದಿಂದಲೋ, ಬೇರಾವ ದುರ್ದೈವದಿಂದಲೋ ಒಂಟಿಯಾಗಿ ಮಕ್ಕಳನ್ನು ಸಲಹುವ ತಾಯಂದಿರು ಎಲ್ಲ ಧರ್ಮಕೇಂದ್ರಗಳಲ್ಲಿಯೂ ಇದ್ದಾರೆ. ಅವರಿಗೆ ನಾವು ಹೇಳಬಯಸುವುದಿಷ್ಟು. ಮಗುವಿನ ಜ್ವರದ ಹಣೆಯ ಮೇಲೆ ನೀವು ಇಟ್ಟ ಒದ್ದೆ ಬಟ್ಟೆಯೂ ಪೂಜೆಯೇ. ಶಾಲೆಯ ಶುಲ್ಕಕ್ಕಾಗಿ ಹೊಲಿಗೆಯಂತ್ರದ ಮುಂದೆ ಕಳೆದ ಇರುಳೂ ಜಾಗರಣೆಯೇ. ನಿಮ್ಮ ಮಕ್ಕಳು ಸಂತರಾಗದಿದ್ದರೆ, ಹೇಳಿದ ಮಾತು ಕೇಳದಿದ್ದರೆ, ನೀವು ಸೋತಿರೆಂದು ಅರ್ಥವಲ್ಲ. ಸೀಟನ್ ಮಾತೆಗೂ ಆ ಅನುಭವ ಉಂಟು.

ಉಳಿದ ನಮ್ಮೆಲ್ಲರಿಗೂ ಆಕೆಯ ಕಥೆಯಲ್ಲಿ ಒಂದು ಪರೀಕ್ಷೆಯಿದೆ. ಅಲ್ಲಿ ಎರಡು ಬಗೆಯ ಬಂಧುಗಳಿದ್ದಾರೆ: ವಿಧವೆಯ ನಿರ್ಣಯ ಒಪ್ಪಿಗೆಯಾಗಲಿಲ್ಲವೆಂದು ಮಕ್ಕಳ ತುತ್ತಿನಿಂದ ಕೈ ಹಿಂದೆಗೆದವರು ಮತ್ತು ಏನನ್ನೂ ಕೇಳದೆ ವರ್ಷವರ್ಷವೂ ಹಣ ಕಳುಹಿಸಿದ ಫಿಲಿಕ್ಕಿಗಳು. ಒಂಟಿ ತಾಯಿಯ ನಡೆನುಡಿಯನ್ನು ಅಳೆಯುವ ನಾಲಗೆ ನಮ್ಮಲ್ಲಿ ಚುರುಕಾಗಿದೆ. ಆಕೆಯ ಮನೆಯ ಅಕ್ಕಿಯ ಡಬ್ಬ ತುಂಬಿದೆಯೇ ಎಂದು ಕೇಳುವ ನಾಲಗೆ ಮಂದ. ಹಬ್ಬದ ದಿನ ಪಕ್ಕದ ಮನೆಯ ಆ ಮಕ್ಕಳನ್ನು ನಮ್ಮ ಪಂಕ್ತಿಯಲ್ಲಿ ಕೂರಿಸಿಕೊಳ್ಳೋಣ. ಅವರ ಶಾಲೆಯ ಖರ್ಚಿನ ಒಂದು ಪಾಲನ್ನು, ಹೆಸರು ಹೇಳಿಕೊಳ್ಳದೆ, ಹೊರೋಣ. ವ್ರತದ ನಿಯಮವೇ ಒಬ್ಬ ತಾಯಿಗಾಗಿ ಬಾಗಿದ್ದರೆ ನಮ್ಮ ಮನೆಗಳ ಬಾಗಿಲೂ ಅಷ್ಟು ಬಾಗಬಹುದು.

ಸಂತ ಎಲಿಜಬೆತ್ ಆನ್ ಸೀಟನ್, ಒಂಟಿಯಾಗಿ ಹೆಣಗುವ ತಾಯಂದಿರಿಗಾಗಿಯೂ ಅವರ ಮಕ್ಕಳಿಗಾಗಿಯೂ ಪ್ರಾರ್ಥಿಸಿರಿ.